ಇಪ್ಪತ್ತನೆಯ ದಿನ

ಬಸ್ಸು ಮಚ್ಛೆ ದಾಟುವ ಹೊತ್ತಿಗೆ ಪೂರ್ಣಿಮಾಳಿಗೆ ನಿಲ್ಲಲೂ ಆಗುತ್ತಿರಲಿಲ್ಲ, ಕೂರಲೂ ಆಗುತ್ತಿರಲಿಲ್ಲ. ನಡುವಿನ ಕಂಬಕ್ಕೆ ಬೆನ್ನು ಆನಿಸಿ, ಟಿಕೆಟ್ ಮಷಿನ್ನನ್ನು ಹೊಟ್ಟೆಗೆ ತಾಗದಂತೆ ದೂರ ಹಿಡಿದು, ಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಿಸುತ್ತ ನಿಂತಿದ್ದಳು. ಬೆಳಿಗ್ಗೆ ಮನೆಯಲ್ಲಿ ಎರಡು ಸಲ ಹೋಗಿ ಕೂತಿದ್ದಳು. ಖಾನಾಪುರ ಸ್ಟ್ಯಾಂಡಿನ ಶೌಚಾಲಯದಲ್ಲಿ ಮತ್ತೊಂದು ಸಲ. ಒಂದು ಹನಿ ಮೂತ್ರ ಬಂದಿರಲಿಲ್ಲ. ಈಗ ಒಂಬತ್ತೂಕಾಲು. ಕೆಳಹೊಟ್ಟೆ ಬಿಗಿದು, ಬಸ್ಸು ಒಂದೊಂದು ಗುಂಡಿಗೆ ಇಳಿದಾಗಲೂ ಕಣ್ಣ ಮುಂದೆ ಕತ್ತಲೆ ಬಂದು ಹೋಗುತ್ತಿತ್ತು.

"ಆಧಾರ ತೋರಸ್ರಿ, ಆಧಾರ," ಎಂದಳು. ತನ್ನ ದನಿ ತನಗೇ ಬೇರೆಯವರದ್ದೆಂಬಂತೆ ಕೇಳಿಸಿತು. ಗೆಣಸಿನ ಚೀಲ ಕಾಲ ನಡುವೆ ಇಟ್ಟುಕೊಂಡು ಕೂತಿದ್ದ ಮುದುಕಿ ಕಾರ್ಡು ತೋರಿಸಿದಳು. ಪೂರ್ಣಿಮಾ ಬಟನ್ ಒತ್ತಿದಳು. ಟಿಕೆಟ್ ಹೊರಬಂತು, ಆದರೆ ಅದನ್ನು ಹರಿದು ಕೊಡಲು ಬಗ್ಗಬೇಕಿತ್ತು. ಬಗ್ಗಲಾಗಲಿಲ್ಲ.

"ಕಾಯ್ ಝಾಲಂ ಗ ಪೋರಿ?" ಏನಾಯಿತೇ ಹುಡುಗಿ ಎಂದು ಮುದುಕಿ ಮರಾಠಿಯಲ್ಲಿ ಕೇಳುತ್ತ ತಾನೇ ಕೈ ಚಾಚಿ ಟಿಕೆಟ್ ಹರಿದುಕೊಂಡಳು.

"ಕಾಹೀ ನಾಹೀ, ಆಜಿ," ಏನೂ ಇಲ್ಲ ಎಂದಳು ಪೂರ್ಣಿಮಾ.

ಏನೂ ಇಲ್ಲ ಎಂದು ಅವಳು ಹೇಳುತ್ತ ಬಂದು ಆರು ವರ್ಷವಾಗಿತ್ತು. ಮಗಳು ಸಮೃದ್ಧಿ ಹುಟ್ಟಿ ಒಂದೂವರೆ ತಿಂಗಳಾಗಿದ್ದಾಗ, ಒಂದು ಮಧ್ಯಾಹ್ನ ಸ್ನಾನ ಮಾಡುವಾಗ, ಒಳಗಿನದೇನೋ ಕೆಳಗೆ ಇಳಿದು ಕೈಗೆ ತಾಗಿತ್ತು. ಮೆತ್ತಗೆ, ಬೆಚ್ಚಗೆ, ಕುದಿಸಿ ಸಿಪ್ಪೆ ತೆಗೆದ ತತ್ತಿಯ ಹಾಗೆ. ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತಿತ್ತು; ಹೆಚ್ಚು ಹೊತ್ತು ನಿಂತರೆ ಮತ್ತೆ ಇಳಿಯುತ್ತಿತ್ತು. ಕಂಡಕ್ಟರ್ ಕೆಲಸವೆಂದರೆ ನಿಂತೇ ಮಾಡುವ ಕೆಲಸ. ಮೆತ್ತನೆ ಬಟ್ಟೆಯನ್ನು ಮಡಚಿ ಒಳಗೆ ಕಟ್ಟಿಕೊಂಡು, ಅದರ ಮೇಲೆ ಖಾಕಿ ತೊಟ್ಟು, ದಿನಕ್ಕೆ ನಾಲ್ಕು ಸಲ ಖಾನಾಪುರದಿಂದ ಬೆಳಗಾವಿಗೆ ಹೋಗಿ ಬರುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಈಗ ಮತ್ತೆ ಬಸಿರಾಗಿ ಮೂರೂವರೆ ತಿಂಗಳು ತುಂಬಿತ್ತು. ಇದೊಂದು ವಾರದಿಂದ ಅದು ಒತ್ತಿದರೂ ಒಳಗೆ ಹೋಗುತ್ತಿರಲಿಲ್ಲ.

ಪೀರನವಾಡಿಯಲ್ಲಿ ಜನ ಇಳಿದು ಹತ್ತಿದರು. ರೈಟ್ ಎನ್ನುವುದು ಅವಳಿಗೆ ನೆನಪಾಗಲಿಲ್ಲ. ಡ್ರೈವರ್ ಹಿದಾಯತುಲ್ಲಾ ಕನ್ನಡಿಯಲ್ಲಿ ನೋಡಿದರು, ಆಮೇಲೆ ಪೂರ್ತಿ ಹಿಂದಿರುಗಿ ನೋಡಿದರು. ಐವತ್ತೆಂಟು ದಾಟಿದ ಮನುಷ್ಯ. ಮೂರು ವರ್ಷದಿಂದ ಇಬ್ಬರದೂ ಒಂದೇ ಡ್ಯೂಟಿ. ಇಂಜಿನ್ ಚಾಲೂ ಬಿಟ್ಟು ಸೀಟಿನಿಂದ ಇಳಿದು ಅವಳ ಹತ್ತಿರ ಬಂದರು.

"ಬೇಟಿ, ದವಾಖಾನಿಗೆ ಹೋಗಬೇಕೇನು? ಹೂಂ ಅನ್ನು, ಇಲ್ಲಾ ಊಂಹೂಂ ಅನ್ನು. ಬಾಕಿ ಏನೂ ಹೇಳಬ್ಯಾಡ."

ಪೂರ್ಣಿಮಾ ಕಂಬಕ್ಕೆ ಹಣೆ ಹಚ್ಚಿದಳು. "ಹೂಂ, ಚಾಚಾ."

ಆಮೇಲೆ ಬಸ್ಸು ಎಲ್ಲೂ ನಿಲ್ಲಲಿಲ್ಲ. ಉದ್ಯಮಬಾಗದಲ್ಲಿ ಇಳಿಯಬೇಕಾಗಿದ್ದ ಕಾರ್ಖಾನೆಯ ಕೆಲಸಗಾರರು ಬಾಗಿಲು ಬಡಿದರು, "ಏ ಮಾಮಾ, ಸ್ಟಾಪ್ ಐತಿ, ಸ್ಟಾಪ್!" ಎಂದು ಕೂಗಿದರು, ಒಬ್ಬ ಮೊಬೈಲ್ ತೆಗೆದು ವಿಡಿಯೊ ಮಾಡಿಕೊಂಡ. ಹಿದಾಯತುಲ್ಲಾ ತಿರುಗಿಯೂ ನೋಡಲಿಲ್ಲ. ಟಿಳಕವಾಡಿಯಲ್ಲಿ, ಯಾವ ಬಸ್ಸೂ ನಿಲ್ಲದ ಜಾಗದಲ್ಲಿ, ಒಂದು ಸಣ್ಣ ಹೆರಿಗೆ ಆಸ್ಪತ್ರೆಯ ಮುಂದೆ ಬ್ರೇಕ್ ಹಾಕಿದರು. ಅವರ ಸೊಸೆಯ ಬಾಣಂತನ ಆಗಿದ್ದು ಅಲ್ಲೇ.

"ಬ್ಯಾಗು, ಮಷಿನ್ ಎರಡೂ ಇಲ್ಲಿ ಕೊಡು."

ಕಂಡಕ್ಟರ್ ಆದವಳು ಬ್ಯಾಗನ್ನು ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ಪೂರ್ಣಿಮಾ ಪಟ್ಟಿಯನ್ನು ಹೆಗಲಿನಿಂದ ಬಿಡಿಸಿ ಕೊಟ್ಟಳು. ಗೆಣಸಿನ ಮುದುಕಿ ತನ್ನ ಚೀಲವನ್ನು ಬಸ್ಸಿನಲ್ಲೇ ಬಿಟ್ಟು ಅವಳ ತೋಳು ಹಿಡಿದು ಮೆಟ್ಟಿಲು ಹತ್ತಿಸಿದಳು.

ಡಾಕ್ಟರ್ ಅಲ್ಮಾಸ್ ಮೊದಲು ಏನೂ ಕೇಳಲಿಲ್ಲ. ಮೂತ್ರ ಹೋಗಲು ನಳಿಕೆ ಹಾಕಿದರು. ಚೀಲ ತುಂಬುತ್ತ ಹೋದಂತೆ ಪೂರ್ಣಿಮಾಳ ಹಲ್ಲುಗಳು ಕಟಕಟಿಸಿದವು. ನೋವು ಇಳಿಯುವುದಕ್ಕೂ ಒಂದು ನಡುಕ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಆಮೇಲೆ ದೀಪ ಹಚ್ಚಿ ಪರೀಕ್ಷೆ ಮಾಡಿದ ಡಾಕ್ಟರು ಕೈಗವಸು ಕಳಚಿ ಪಕ್ಕದಲ್ಲಿ ಕೂತರು.

"ಎಷ್ಟು ದಿನಾ ಆತು ಹಿಂಗಾಗಿ?"

"ಆರು ವರ್ಷರಿ."

"ಯಾರಿಗೆ ತೋರ್ಸಿದ್ರಿ?"

ಪೂರ್ಣಿಮಾ ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡಿದಳು.

ಒಂದು ತಾಸಿನ ಮೇಲೆ ಗಂಡ ಆಕಾಶ ಖಾನಾಪುರದಿಂದ ತಾಯಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ಹಂಚಿನ ಕಾರ್ಖಾನೆಯಲ್ಲಿ ಭಟ್ಟಿ ನೋಡಿಕೊಳ್ಳುವ ಅವನ ಅಂಗಿಯ ಮೇಲೆ ಕೆಂಪು ಧೂಳು ಹಾಗೇ ಇತ್ತು. ಡಾಕ್ಟರು ಅವನ ಕೈಗೆ ಚೀಟಿ ಕೊಟ್ಟು ಔಷಧಕ್ಕೆ ಕಳಿಸಿದರು. ಒಳಗೆ ಉಳಿದವಳು ಅತ್ತೆ ಬಾಳವ್ವ. ಡಾಕ್ಟರು ಮುಷ್ಟಿಯನ್ನು ತಮ್ಮ ಬಿಳಿ ಕೋಟಿನ ತೋಳಿನೊಳಗೆ ಎಳೆದುಕೊಂಡು, ಮತ್ತೆ ಮೆಲ್ಲಗೆ ಹೊರಗೆ ತಂದು ತೋರಿಸಿದರು.

"ಗರ್ಭಚೀಲ ಹಿಂಗ ಕೆಳಗ ಜಾರೈತಿ. ಅದನ್ನ ಹಿಡದಿಡೂ ನರಾ, ಮಾಂಸಾ ಸಡಲಾಗ್ಯಾವ. ಈಗ ಅದರಾಗ ಕೂಸು ಬೆಳ್ಯಾಕತ್ತೈತಿ, ಮೂತ್ರದ ದಾರಿ ಒತ್ತಿಬಿಟ್ಟೈತಿ. ನಾನು ಮ್ಯಾಲ ಸರಿಸಿ ಬಳಿ ಹಂಗಿರೂ ಒಂದು ಉಂಗರಾ ಕುಂದರಿಸೀನಿ. ಅದು ಕೆಳಗ ಬರಧಂಗ ಹಿಡೀತೈತಿ. ಆದ್ರ ಇನ್ಮುಂದ ನಿಂದರಂಗಿಲ್ಲ, ಭಾರ ಎತ್ತಂಗಿಲ್ಲ. ಕಾಲ ಕಡೆ ಮಂಚ ಎತ್ತರಿಸಿ ಮಲಗಬೇಕು. ಕೂಸು ದೊಡ್ಡದಾದಂಗ ಗರ್ಭಚೀಲ ತಾನಾ ಮ್ಯಾಲೇರಬಹುದು. ಎಲ್ಲಾರಿಗೂ ಹಂಗಾಗತೈತಿ ಅಂತ ಹೇಳಾಕ ಬರೂದಿಲ್ಲ."

"ಹಡ್ಯಾಕ ಆಗತೈತ್ರಿ?" ಪೂರ್ಣಿಮಾ ಕೇಳಿದಳು.

"ಭಾಳ ಮಂದಿ ಹಡದಾರ. ಜೋಪಾನ ಬೇಕು, ಅಷ್ಟ."

ಬಾಳವ್ವ ಆ ಬಿಳಿ ಕೋಟಿನ ತೋಳನ್ನೇ ನೋಡುತ್ತಿದ್ದಳು. ಈಗ ಕೇಳಿದಳು: "ಆ ಉಂಗರಾ ಒಳಗ ತಿಕ್ಕಿ ಹುಣ್ಣಾಗೂದಿಲ್ಲೇನ್ರಿ, ಬಾಯಾರ? ಬ್ಯಾಸಗ್ಯಾಗ ಬೆವರಿಗೆ ಅರಬಿ ತಿಕ್ಕಿದ್ರ ಆಗತೈತಲ್ರಿ, ಹಂಗ?"

ಬಟ್ಟೆಯ ಮಾತು ಕೇಳಿ, ಬರೆಯುತ್ತಿದ್ದ ಡಾಕ್ಟರು ತಲೆ ಎತ್ತಿದರು. "ಯಾವ ಅರಬಿ, ಅಮ್ಮಾ?"

"ಮಂದಿ ಅಂತಾರ್ರಿ. ಕೇಳೀನಿ." ಬಾಳವ್ವ ಎದ್ದು ಸೊಸೆಯ ಚಪ್ಪಲಿಗಳನ್ನು ಮಂಚದ ಕೆಳಗಿನಿಂದ ಹುಡುಕಿ ತೆಗೆಯತೊಡಗಿದಳು.

ಮರುದಿನ ಆಕಾಶ ಕಾರ್ಖಾನೆಯಿಂದ ನಾಲ್ಕು ಇಟ್ಟಂಗಿ ತಂದು ಮಂಚದ ಕಾಲ ಕಡೆಗೆ ಎರಡೆರಡು ಇಟ್ಟ. ಅವನಿಗೆ ಗೊತ್ತಿದ್ದದ್ದು ಹೆಂಡತಿಯ ಬಸಿರು ನಾಜೂಕಾಗಿದೆ, ಮೂತ್ರ ಕಟ್ಟಿತ್ತು, ಮಲಗಿರಬೇಕು ಎಂಬುದಷ್ಟೇ. ಹೆಚ್ಚು ಕೇಳಲು ಅವನಿಗೆ ಬಾಯಿ ಬರಲಿಲ್ಲ. ಹೇಳಲು ಅವಳಿಗೆ ಬರಲಿಲ್ಲ.

ತಲೆ ಕೆಳಗಾಗಿ ಕಾಲು ಮೇಲಾಗಿ ಮಲಗಿದವಳಿಗೆ ಮನೆ ಹೊಸದಾಗಿ ಕಂಡಿತು. ಜಂತಿಯ ಮೇಲಿನ ಜೇಡ, ಹಂಚಿನ ಸಂದಿಯ ಬೆಳಕು. ಎಡ ಮಗ್ಗುಲು, ಬಲ ಮಗ್ಗುಲು, ಮತ್ತೆ ಎಡ. ಮುಖ್ಯ ರಸ್ತೆಯ ಹಾರ್ನ್ ಕೇಳಿದರೆ ಇದು ಲೋಂಡಾದಿಂದ ಬಂದದ್ದು, ಇದು ತನ್ನ ಹುಟ್ಟೂರು ಹಲಸಿಗೆ ಹೋಗುವುದು ಎಂದು ಕಿವಿಗೇ ಗೊತ್ತಾಗುತ್ತಿತ್ತು. ಹದಿಮೂರು ವರ್ಷ ಓಡಾಡಿದ ಕಾಲುಗಳು ಹಾಸಿಗೆಯಲ್ಲಿ ತಾವಾಗಿ ಅಲುಗುತ್ತಿದ್ದವು. ಅತ್ತೆ ಅಂಗಡಿಗೆ ಹೋದಾಗ ಒಮ್ಮೆ ಎದ್ದು ಹೊಸ್ತಿಲ ತನಕ ಹೋಗಿ ನಿಂತಳು. ತೊಡೆಯ ನಡುವೆ ಭಾರ ಇಳಿಯಿತು. ಗೋಡೆ ಹಿಡಿದು ಬಂದು ಮತ್ತೆ ಮಲಗಿದಳು.

ಎಂಟನೆಯ ದಿನ ಹಿದಾಯತುಲ್ಲಾ ಬಂದರು. ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತು, ಪೇರಲಹಣ್ಣಿನ ಚೀಲವನ್ನು ಸಮೃದ್ಧಿಯ ಕೈಗೆ ಕೊಟ್ಟರು. ಚಹಾ ಕುಡಿದರು. ಹೊಸ ಕಂಡಕ್ಟರ್ ಸೀಟಿ ಊದುವ ರೀತಿ ಸರಿಯಿಲ್ಲವೆಂದರು. ಏಳುವ ಮುಂಚೆ ಮಾತ್ರ ಅಂದರು, "ನಿನ್ನ ಕಡಿಂದ ಒಂದು ಹೇಳಿಕಿ ಬರಸ್ಕೊಂಬಾ ಅಂತ ಡಿಪೋದವರು ಅಂದಾರ, ಬೇಟಿ."

"ಯಾಕ್ರಿ?"

"ಉದ್ಯಮಬಾಗದಾಗ ಇಳಿಯೂ ಮಂದಿ ಕಂಪ್ಲೇಂಟ್ ಕೊಟ್ಟಾರ. ಸ್ಟಾಪ್ ಬಿಟ್ಟು ಹೋದ, ಕಂಡಕ್ಟರ್ ಬ್ಯಾಗ್ ತಾನ ಇಟ್ಕೊಂಡ ಅಂತ. ನನಗ ಮೆಮೊ ಬಂದೈತಿ. ಕಂಡಕ್ಟರಗೆ ಆರಾಮ ಇರಲಿಲ್ಲ ಅಂತ ಬರ್ದು ಕೊಟ್ಟೆ. ಆರಾಮ ಇರಲಿಲ್ಲ ಅಂದ್ರ ಏನಾಗಿತ್ತು ಅಂತ ಕೇಳತಾರ." ಅವರು ಟೊಪ್ಪಿಗೆ ಸರಿಮಾಡಿಕೊಂಡರು. "ಜ್ವರ ಬಂದಿತ್ತು ಅಂತ ಎರಡು ಸಾಲು ಬರಿ. ನನಗೇನೂ ಆಗೂದಿಲ್ಲ."

ಆಗುತ್ತದೆ ಎಂದು ಪೂರ್ಣಿಮಾಳಿಗೆ ಗೊತ್ತಿತ್ತು. ಜ್ವರ ಬಂದ ಕಂಡಕ್ಟರಿಗಾಗಿ ಯಾರೂ ಸ್ಟಾಪ್ ಬಿಟ್ಟು ಬಸ್ ಓಡಿಸುವುದಿಲ್ಲ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಒಂದೂ ಮೆಮೊ ಇಲ್ಲವೆಂದು ಚಾಚಾ ಹೊಸಬರ ಮುಂದೆ ಹೇಳಿಕೊಳ್ಳುತ್ತಿದ್ದುದನ್ನು ಅವಳು ಎಷ್ಟೋ ಸಲ ಕೇಳಿದ್ದಳು. ನಿವೃತ್ತಿಗೆ ಇನ್ನು ಎರಡು ವರ್ಷವೂ ಇರಲಿಲ್ಲ.

ಅವರು ಹೋದ ಮೇಲೆ ಸಮೃದ್ಧಿಯ ಶಾಲೆಯ ನೋಟುಪುಸ್ತಕದಿಂದ ಹಾಳೆ ಹರಿದು, ಮಗ್ಗುಲಿಗೆ ಮಲಗಿಯೇ ಬರೆಯತೊಡಗಿದಳು. 'ಆ ದಿನ ನನಗೆ ವಿಪರೀತ ಜ್ವರ' ಎಂದು ಬರೆದು ಹೊಡೆದುಹಾಕಿದಳು. ಇನ್ನೊಂದು ಹಾಳೆ ತೆಗೆದುಕೊಂಡಳು. ಈ ಸಲ ಪೆನ್ನು ನಿಲ್ಲಲಿಲ್ಲ. ಬರೆದು ಮುಗಿಸಿ ನೋಡಿದರೆ ಬಾಳವ್ವ ತಲೆಯ ಹತ್ತಿರ ನಿಂತಿದ್ದಳು.

"ಏನ್ ಬರದಿ? ಓದು."

ಅತ್ತೆಗೆ ಓದು ಬರುತ್ತಿರಲಿಲ್ಲ. ಪೂರ್ಣಿಮಾ ಓದಿದಳು: "ನಾನು ಮೂರೂವರೆ ತಿಂಗಳ ಗರ್ಭಿಣಿ. ಮೊದಲ ಹೆರಿಗೆಯ ನಂತರ ನನ್ನ ಗರ್ಭಚೀಲ ಜಾರಿ ಹೊರಗೆ ಬರುತ್ತದೆ. ಆರು ವರ್ಷ ನಾನು ಇದನ್ನು ಯಾರಿಗೂ ಹೇಳದೆ ಕರ್ತವ್ಯ ನಿರ್ವಹಿಸಿದ್ದೇನೆ. ಆ ದಿನ ಇದರಿಂದಾಗಿ ಮೂತ್ರ ಕಟ್ಟಿ ಪ್ರಾಣ ಹೋಗುವಂತಾಗಿತ್ತು. ಚಾಲಕರು ಆಸ್ಪತ್ರೆಗೆ ಮುಟ್ಟಿಸಿದ್ದರಿಂದ ನಾನು ಮತ್ತು ನನ್ನ ಕೂಸು ಉಳಿದಿದ್ದೇವೆ. ಅವರ ತಪ್ಪು ಏನೂ ಇಲ್ಲ."

ಬಾಳವ್ವ ಹೋಗಿ ಹೊರಬಾಗಿಲು ಮುಚ್ಚಿ ಬಂದಳು. "ಇದನ್ನ ಆಫೀಸನ್ಯಾಗ ಕೊಡತೀಯೇನು? ಹತ್ತು ಮಂದಿ ಗಂಡಸರು ಓದತಾರ."

"ಓದ್ಲಿ."

"ನಾಳಿ ಖಾನಾಪುರ ತುಂಬ ಅದ ಮಾತಾಗತೈತಿ. ಆಕಾಶ ನಾಕು ಮಂದ್ಯಾಗ ಹೆಂಗ ತಿರಗ್ಯಾಡಬೇಕು? ಜ್ವರಾ ಅಂತ ಬರಿ. ಇದನ್ನ ಹೇಳಬೇಕಂತೇನೈತಿ? ನಾವು ಯಾರ ಮುಂದ ಹೇಳೀವಿ? ದಿನಾ ಹೋಗಲಿಲ್ಲೇನು?"

ಪೂರ್ಣಿಮಾ ಮೊಣಕೈ ಊರಿ ಏಳಲು ನೋಡಿದಳು. "ನಾವು ಅಂದ್ರ ಯಾರ್ರಿ, ಅತ್ತಿ?"

ಬಾಳವ್ವ ಹೊದಿಕೆ ಎಳೆದು ಅವಳ ಕಾಲಿಗೆ ಹೊದಿಸತೊಡಗಿದಳು.

"ದವಾಖಾನ್ಯಾಗ ಅರಬಿ ತಿಕ್ಕತೈತಿ ಅಂದ್ರಿ. ಯಾರಿಗೆ ತಿಕ್ಕತೈತಿ?"

"ಮಲ್ಕೋ. ಮೈಯಾಗ ಆರಾಮಿಲ್ಲ ನಿನಗ."

"ನಿಮಗೂ ಐತಿ." ಅವಳ ದನಿ ಏರಿತು. "ನಿಮಗ ಗೊತ್ತಿತ್ತು. ನಾ ಹಿತ್ತಲದಾಗ ಅರಬಿ ತೊಳದು ಸೀರಿ ಕೆಳಗ ಮುಚ್ಚಿ ಒಣಗ ಹಾಕತಿದ್ದೆ, ನೀವು ನೋಡತಿದ್ರಿ. ಅವು ಯಾವ ಅರಬಿ ಅಂತ ನಿಮಗ ಗೊತ್ತಿತ್ತು. ನಂಗ ತವರಮನಿ ಇರಲಿಲ್ಲ. ಹಲಸ್ಯಾಗ ನಮ್ಮವ್ವ ಇದ್ದಿದ್ರ ಮೂರು ತಿಂಗಳು ಮಲಗಸ್ತಿದ್ಲು. ಸಮೃದ್ಧಿ ಹುಟ್ಟಿ ಇಪ್ಪತ್ತನೇ ದಿನಕ್ಕ ನೀವು ನನ್ನ ಕೈಯಾಗ ತಾಮ್ರದ ಕೊಡಾ ಕೊಟ್ರಿ. ನಳಾ ಬಂದೈತಿ, ನೀರ ತುಂಬ್ಕೊಂಡ್ ಬಾ ಅಂದ್ರಿ. ಎಲ್ಲಾ ಗೊತ್ತಿದ್ದೂ!"

"ನನಗ ಎತ್ತಾಕ ಆಗತಿರಲಿಲ್ಲ, ಪೂರ್ಣಿ."

ಬಾಳವ್ವ ಇದನ್ನು ಮೆಲ್ಲಗೆ, ಮುಚ್ಚಿದ ಹೊರಬಾಗಿಲ ಕಡೆ ನೋಡುತ್ತ ಅಂದಳು.

"ನಿನ್ನ ಬಾಣಂತನದಾಗ ಹತ್ತೊಂಬತ್ತು ದಿನಾ ನಾನ ತುಂಬೀನಿ. ಆವತ್ತು ಪೂರ್ತಿ ಹೊರಗ ಬಂದು ರಕ್ತ ಹತ್ತಿತ್ತು. ಕೊಡಾ ಎತ್ತಾಕ ಆಗಲಿಲ್ಲ. ಅದಕ್ಕ ನಿನ್ನ ಕೈಯಾಗ ಕೊಟ್ಟೆ."

"ಆಗೂದಿಲ್ಲ ಅಂತ ಒಂದು ಮಾತು ಅನ್ನಬೇಕಿತ್ತು. ನೀರ ಇಲ್ಲದ ಸಾಯತಿದ್ವಿ ಏನು?"

"ಯಾಕ ಆಗೂದಿಲ್ಲ ಅಂತ ನೀ ಕೇಳತಿದ್ದಿ."

ಬಾಳವ್ವ ಮಂಚದ ಅಂಚಿಗೆ ಕೂತಳು. ಕೂರುವಾಗ ಯಾವಾಗಲೂ ಒಂದು ಕೈಯನ್ನು ನೆಲಕ್ಕೋ ಗೋಡೆಗೋ ಊರಿ, ಒಂದು ಮಗ್ಗುಲಾಗಿ ಇಳಿಯುತ್ತಿದ್ದಳು. ಮೊಣಕಾಲು ನೋವೆಂದು ಮನೆಯವರೆಲ್ಲ ತಿಳಿದಿದ್ದರು.

"ಆಕಾಶ ಹುಟ್ಟಿ ಹನ್ನೊಂದನೇ ದಿನಕ್ಕ ನಾ ಭಟ್ಟಿಗೆ ಮಣ್ಣು ಹೊರಾಕ ಹೋಗೀನಿ. ತಿಂಗಳ ಒಳಗ ಇದು ಸುರು ಆತು. ನಮ್ಮತ್ತಿಗೆ ಹೇಳಿದೆ. ಹಳೇ ಧೋತರಾ ಹರದು ಸುರಳಿ ಮಾಡಿ ಕೊಟ್ಳು. ಗಂಡಸರಿಗೆ ಗೊತ್ತಾಗಬಾರದು ಅಂದ್ಳು. ಆವತ್ತಿಂದ ನಾ ಅಡಗಿಮನ್ಯಾಗ ಮಲಗತೀನಿ. ನಿಮ್ಮ ಮಾವ ಸಾಯೂತನಕಾ ಯಾಕ ಅಂತ ಕೇಳಲಿಲ್ಲ. ಇವಳಿಗೆ ನನ್ನ ಕಂಡ್ರ ಆಗೂದಿಲ್ಲ ಅಂತ ತಿಳಕೊಂಡ್ರು. ಹಂಗ ತಿಳಕೊಂಡ ಹೋದ್ರು."

ಹೊರಗೆ ಯಾರೋ ಮೇಕೆಗಳನ್ನು ಹೊಡೆದುಕೊಂಡು ಹೋದರು. ಪೂರ್ಣಿಮಾಳಿಗೆ ಅತ್ತೆಯ ಕೈ ಹಿಡಿಯಬೇಕೆನಿಸಲಿಲ್ಲ. ಅಳುವೂ ಬರಲಿಲ್ಲ. ಆ ಇಪ್ಪತ್ತನೆಯ ದಿನದ ಕೊಡದ ತಣ್ಣನೆಯ ಕಂಠ ಮಾತ್ರ ಅಂಗೈಗೆ ಬಂದು ಕೂತಿತು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ದಿಂಬಿನ ಕೆಳಗಿಟ್ಟು, ಗೋಡೆಯ ಕಡೆ ತಿರುಗಿ ಮಲಗಿದಳು.

ಸಂಜೆ ಆಕಾಶ ಬಂದಾಗ ಅದನ್ನು ಅವನ ಕೈಗೆ ಕೊಟ್ಟಳು. "ನಾಳಿ ಆಫೀಸಿಗೆ ಮುಟ್ಟಸ್ರಿ. ಮೊದಲ ನೀವು ಓದ್ರಿ."

ಅವನು ಬಾಗಿಲ ಬೆಳಕಿಗೆ ಹಿಡಿದು ಓದಿದ. ಒಮ್ಮೆ ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತ್ತು.

"ಆರು ವರ್ಷ," ಎಂದ. "ನಾ ಬಾಜೂಕ ಮಲಗಿದ್ದೆ."

"ಹೆಂಗ ಹೇಳೂದು ಗೊತ್ತಾಗಲಿಲ್ಲ."

"ಬ್ಯಾಡ ಬ್ಯಾಡ ಅಂತ ಸರೀತಿದ್ದಿ. ನಾ ಬ್ಯಾರೆ ಏನೇನೋ ತಿಳಕೊಂಡಿದ್ದೆ." ಅವನು ಕಾಗದವನ್ನು ಮಡಿಕೆಗಳಿದ್ದ ಹಾಗೆಯೇ ಮಡಚಿ ಅಂಗಿಯ ಕಿಸೆಗೆ ಹಾಕಿ, ಕಿಸೆಯ ಗುಂಡಿ ಹಾಕಿಕೊಂಡ. ಅಡುಗೆಮನೆಯಲ್ಲಿ ರೊಟ್ಟಿಯ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಮರುದಿನದಿಂದ ನಳ ಬರುವ ಹೊತ್ತಿಗೆ ಆಕಾಶನೇ ಏಳತೊಡಗಿದ. ಓಣಿಯ ಹೆಂಗಸರ ಸಾಲಿನಲ್ಲಿ ಕೊಡ ಹಿಡಿದು ನಿಂತ ಮಗನನ್ನು ಬಾಳವ್ವ ಕಿಟಕಿಯಿಂದ ನೋಡಿ ಸಂಕಟಪಡುತ್ತಿದ್ದಳು. "ನಾ ತರತೀನಿ ಕೊಡೋ," ಎಂದು ಒಂದು ದಿನ ಹೊರಗೆ ಹೋದಳು. ಅವನು ಅವಳ ಕಡೆ ನೋಡದೆ ಕೊಡವನ್ನು ಇನ್ನೊಂದು ಹೆಗಲಿಗೆ ಬದಲಿಸಿ ಒಳಗೆ ಬಂದ. ಅವನಿಗೆ ಅವ್ವನದೂ ಗೊತ್ತಿತ್ತೋ ಇಲ್ಲವೋ ಪೂರ್ಣಿಮಾಳಿಗೆ ತಿಳಿಯಲಿಲ್ಲ, ತಾನಂತೂ ಹೇಳಿರಲಿಲ್ಲ.

ಹಿದಾಯತುಲ್ಲಾರ ಮೆಮೊ ಅಲ್ಲಿಗೇ ಮುಗಿಯಿತು. ಹೇಳಿಕೆ ಓದಿದ ಸಾಹೇಬರು ಸಹಿ ಹಾಕಿ ಫೈಲಿಗೆ ಸೇರಿಸಿದರಂತೆ. ಆದರೆ ಬಾಳವ್ವ ಹೆದರಿದ್ದೂ ಸುಳ್ಳಾಗಲಿಲ್ಲ. ಯಾರೋ ನಕ್ಕರಂತೆ, ಯಾರೋ ಅದನ್ನೇ ಕ್ಯಾಂಟೀನಿನಲ್ಲಿ ಆಡಿಕೊಂಡರಂತೆ. ಹದಿನೈದು ದಿನದ ಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಬೇರೆ ಡಿಪೋದ ಕಂಡಕ್ಟರ್, ತಹಮೀನಾ ಎಂದು ಹೆಸರು. ಬಹಳ ಹೊತ್ತು ಏನೇನೋ ಮಾತಾಡಿ, ಕೊನೆಗೆ, "ಅಕ್ಕಾ, ಆ ಡಾಕ್ಟರ್ ಬಾಯಾರ ದವಾಖಾನಿ ಎಲ್ಲಿ ಬರತೈತ್ರಿ?" ಎಂದಳು.

ಅತ್ತೆ ಸೊಸೆಯರ ನಡುವೆ ಮಾತು ಬೇಕಾದಷ್ಟೇ ಉಳಿಯಿತು. ಊಟ ಬರುತ್ತಿತ್ತು, ಬೆನ್ನಿಗೆ ಎಣ್ಣೆ ಬೀಳುತ್ತಿತ್ತು, ಬಕೆಟ್ಟು ಮಂಚದ ಹತ್ತಿರ ಬಂದು ಹೋಗುತ್ತಿತ್ತು. ಬಾಳವ್ವನ ಕೈ ಮೈಗೆ ತಾಗಿದಾಗ ಪೂರ್ಣಿಮಾ ಒಮ್ಮೊಮ್ಮೆ ಸೆಟೆಯುತ್ತಿದ್ದಳು, ಒಮ್ಮೊಮ್ಮೆ ಸೆಟೆಯುವುದನ್ನು ಮರೆಯುತ್ತಿದ್ದಳು. ಐದು ತಿಂಗಳು ತುಂಬಿದರೂ ಗರ್ಭಚೀಲ ಡಾಕ್ಟರು ಆಸೆಪಟ್ಟಷ್ಟು ಮೇಲೇರಲಿಲ್ಲ. ಎರಡು ಸಲ ಉಂಗುರ ಜಾರಿತು, ಎರಡು ಸಲ ಬಾಡಿಗೆ ಕಾರು ಮಾಡಿಕೊಂಡು ಬೆಳಗಾವಿಗೆ ಹೋಗಿ ಬೇರೆ ಅಳತೆಯದು ಹಾಕಿಸಿಕೊಂಡು ಬಂದದ್ದಾಯಿತು. ಎಂಟನೆಯ ತಿಂಗಳು ಗರ್ಭದ ಬಾಯಿಗೆ ಬಾವು ಬಂದಿದೆ ಎಂದರು. ಇಡೀ ದಿನ ಮಲಗಿದ್ದವಳಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಹಗಲೂ ಬರುತ್ತಿರಲಿಲ್ಲ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ದಿನ ತುಂಬಲು ಇನ್ನೂ ಮೂರು ವಾರವಿರುವಾಗ, ಹಾಸಿಗೆ ಒದ್ದೆಯಾಯಿತು. ಆಕಾಶ ಆಗಲೇ ಭಟ್ಟಿಗೆ ಹೋಗಿದ್ದ. ಬಾಳವ್ವ ಓಣಿಯ ಕಾರಿನವನನ್ನು ಎಬ್ಬಿಸಿ, ಸಮೃದ್ಧಿಯನ್ನು ಪಕ್ಕದ ಮನೆಗೆ ಬಿಟ್ಟು, ಸೊಸೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಅವಳ ಕಾಲುಗಳನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ದೇಸೂರಿನ ಹತ್ತಿರ ರಸ್ತೆ ಕೆಟ್ಟಿತ್ತು. ಕಾರು ಕುಲುಕಿದಾಗಲೆಲ್ಲ ಬಾಳವ್ವ ಆ ಕಾಲುಗಳನ್ನು ಎರಡೂ ಕೈಯಿಂದ ಅವುಚಿ ಹಿಡಿಯುತ್ತಿದ್ದಳು. "ಸಾವಕಾಶ ಹೊಡಿಯೋ ತಮ್ಮಾ, ಸಾವಕಾಶ," ಎನ್ನುವಳು. ಮರುಗಳಿಗೆಗೆ, "ಲಗೂ ಹೊಡಿಯೋ," ಎನ್ನುವಳು.

ಡಾಕ್ಟರ್ ಅಲ್ಮಾಸ್ ಉಂಗುರ ತೆಗೆದರು. ಬಾವು ಇಳಿಯಲೆಂದು ಔಷಧದಲ್ಲಿ ಅದ್ದಿದ ಬಟ್ಟೆಯನ್ನು ಒಳಗೆ ಇಟ್ಟು ಇಟ್ಟು ತೆಗೆದರು. ನೋವು ಬರುತ್ತಿತ್ತು, ಹೋಗುತ್ತಿತ್ತು, ಗರ್ಭದ ಬಾಯಿ ಮಾತ್ರ ನಾಲ್ಕು ಬೆರಳಿಗಿಂತ ಹೆಚ್ಚು ತೆರೆಯಲಿಲ್ಲ. ಪೂರ್ಣಿಮಾ ಏಳಬೇಕೆಂದಳು, ನಡೆಯಬೇಕೆಂದಳು, ಕಿಟಕಿಯ ತನಕ ಹೋಗಿ ಬರುತ್ತೇನೆಂದಳು. ನರ್ಸ್ ಬೇಡವೆಂದರೆ ಅವಳ ಮೇಲೆ ಸಿಟ್ಟಾದಳು.

"ಒಂದ್ ಹೆಜ್ಜಿ ನಡೀತೀನ್ರೀ! ಐದು ತಿಂಗಳಿಂದ ಬಿದ್ಕೊಂಡೀನಿ!"

ಬಾಳವ್ವ ಅವಳ ಸೊಂಟದ ಹಿಂದೆ ಮುಷ್ಟಿ ಕೊಟ್ಟು ಒತ್ತಿ ಹಿಡಿದಳು. ನೋವು ಬಂದಾಗ ಒತ್ತುವಳು, ಹೋದಾಗ ಸಡಿಲಿಸುವಳು. "ನಡಿಯೂವಂತಿ. ನಾಳಿ ನಡಿಯೂವಂತಿ. ಈಗ ನನ್ನ ಕೈ ಮ್ಯಾಲ ಭಾರ ಹಾಕು. ಎಷ್ಟರ ಹಾಕು." ಪೂರ್ಣಿಮಾ ಹಾಕಿದಳು. ಮಧ್ಯಾಹ್ನದ ತನಕ ಆ ಮುಷ್ಟಿ ಅಲ್ಲಿಂದ ಕದಲಲಿಲ್ಲ.

ಎರಡು ಗಂಟೆಗೆ ಕೂಸಿನ ಎದೆಬಡಿತ ಇಳಿಯತೊಡಗಿತು. ಡಾಕ್ಟರು ಯಂತ್ರದ ಸದ್ದನ್ನು ಇನ್ನೊಮ್ಮೆ ಕೇಳಿ, ಇನ್ನು ಕಾಯುವುದಿಲ್ಲ ಎಂದರು. ಆಕಾಶ ಇನ್ನೂ ದಾರಿಯಲ್ಲಿದ್ದ. ಪೂರ್ಣಿಮಾ ಕಾಗದಕ್ಕೆ ಸಹಿ ಹಾಕಿದಳು. ಕೆಳಗೆ ಮನೆಯವರ ಜಾಗದಲ್ಲಿ ಬಾಳವ್ವ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಒರೆಸಿಕೊಳ್ಳುವುದನ್ನು ಮರೆತು ಹಾಗೇ ಬಾಗಿಲ ತನಕ ಸ್ಟ್ರೆಚರಿನ ಜೊತೆ ಹೋದಳು. ಹೊಟ್ಟೆ ಕೊಯ್ದು ತೆಗೆದ ಕೂಸು ಮೊದಲು ನೀಲಿಯಾಗಿತ್ತು. ಬೆನ್ನು ತಿಕ್ಕಿದರು, ಮೂಗಿನಲ್ಲಿ ನಳಿಕೆ ಹಾಕಿ ಎಳೆದರು. ಆಮೇಲೆ ಅದು ಅತ್ತಿತು. ಎರಡು ಕಿಲೊ ಮುನ್ನೂರು ಗ್ರಾಂ, ಹೆಣ್ಣು. ಎಚ್ಚರವಾಗಿದ್ದ ಪೂರ್ಣಿಮಾಳಿಗೆ ಹಸಿರು ಪರದೆಯ ಆಚೆ ಆ ಸಣ್ಣ ಕೀರಲು ದನಿ ಕೇಳಿಸಿದಾಗ, ಎಷ್ಟೋ ತಿಂಗಳಿಂದ ಬಿಗಿಹಿಡಿದಿದ್ದ ಹೆಗಲಿನ, ಬೆರಳುಗಳ, ದವಡೆಯ ಸ್ನಾಯುಗಳೆಲ್ಲ ಒಮ್ಮೆಲೇ ಬಿಟ್ಟುಕೊಂಡವು.

ಮೂರು ತಿಂಗಳು ಅವಳಿಗೆ ಭಾರ ಎತ್ತಲು ಯಾರೂ ಬಿಡಲಿಲ್ಲ. ನರ್ಸ್ ಹೇಳಿಕೊಟ್ಟಂತೆ ಮಲಗಿ, ಉಸಿರು ಕಟ್ಟದೆ, ಒಳಗಿನ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ದಿನಕ್ಕೆ ಮೂರು ಸಲ ಮಾಡುತ್ತಿದ್ದಳು. ಬಾಗಿಲ ಹೊರಗೆ ಕೂತ ಬಾಳವ್ವ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ನೋಡುತ್ತಿದ್ದಳು.

ಜೂನಿನಲ್ಲಿ ತಪಾಸಣೆಗೆ ಹೋದಾಗ ಕೂಸನ್ನು ಎತ್ತಿಕೊಳ್ಳಲೆಂದು ಬಾಳವ್ವನೂ ಬಂದಳು. ಒಳಗೆ ಡಾಕ್ಟರು, ಸ್ನಾಯು ಮೊದಲಿಗಿಂತ ಗಟ್ಟಿಯಾಗಿದೆ, ಗರ್ಭಚೀಲ ಪೂರ್ತಿ ಹಿಂದಕ್ಕೆ ಹೋಗಿಲ್ಲ, ಹೊಸ ಉಂಗುರ ಇರಲಿ, ಆಪರೇಶನ್ ಮಾತು ಮುಂದಿನ ವರ್ಷ ನೋಡೋಣ ಎಂದರು. ಕೆಲಸಕ್ಕೆ ಹೋದರೂ ಕೂತು ಮಾಡುವ ಕೆ‌ಲಸ ಕೊಡಬೇಕೆಂದು ಕಾಗದ ಬರೆದುಕೊಟ್ಟರು. ಪೂರ್ಣಿಮಾ ಹೊರಗೆ ಬಂದು ಬೆಂಚಿನ ಮೇಲೆ ಅತ್ತೆಯ ಪಕ್ಕ ಕೂತಳು. ಏಳಲಿಲ್ಲ.

"ಆತಲ್ಲ? ನಡಿ ಮತ್ತ, ಬಸ್ ಸಿಗತೈತಿ," ಎಂದಳು ಬಾಳವ್ವ.

"ತಡೀರಿ."

ನರ್ಸ್ ಬಾಗಿಲಿಗೆ ಬಂದು ಚೀಟಿ ನೋಡಿ ಕೂಗಿದಳು. "ಬಾಳವ್ವ! ಬಾಳವ್ವ ಯಾರ್ರಿ, ಖಾನಾಪುರ?"

ಬಾಳವ್ವ ಸೊಸೆಯ ಮುಖ ನೋಡಿದಳು. "ಯಾರು ಬರಸಂದ್ರು?"

"ಯಾರೂ ಅನ್ನಲಿಲ್ಲ. ನಾನ ಬರಸೀನಿ."

"ಅರವತ್ತು ಆಗಾಕ ಬಂತು ನನಗ. ಇನ್ನ ಏನ್ ಮಾಡೂದೈತಿ ಅದನ್ನ?" ಸುತ್ತ ಕೂತಿದ್ದ ಎಳೆಯ ಬಸುರಿಯರು ತಿರುಗಿ ನೋಡಿದರು. ಬಾಳವ್ವ ಸೆರಗು ಎಳೆದುಕೊಂಡಳು. ಪೂರ್ಣಿಮಾ ಎರಡೂ ಕೈ ಚಾಚಿದಳು. ನರ್ಸ್ ಎರಡನೆಯ ಸಲ ಕೂಗಿದಳು. ಸ್ವಲ್ಪ ಹೊತ್ತಿನ ಮೇಲೆ ಬಾಳವ್ವ ಕೂಸನ್ನು ಆ ಕೈಗಳಿಗೆ ಕೊಟ್ಟು, ಬೆಂಚಿಗೆ ಅಂಗೈ ಊರಿ ಒಂದು ಮಗ್ಗುಲಾಗಿ ಎದ್ದು, ಚಪ್ಪಲಿ ಅಲ್ಲೇ ಬಿಟ್ಟು ಒಳಗೆ ಹೋದಳು. ಪರದೆ ಎಳೆದ ಸದ್ದಾಯಿತು.

ಮೊದಲು ಡಾಕ್ಟರ ಮಾತೊಂದೇ ಕೇಳುತ್ತಿತ್ತು. ಆಮೇಲೆ ಅವರ ದನಿ ನಿಂತು ಬಾಳವ್ವನ ದನಿ ಬಂತು, ತಗ್ಗಿದ ದನಿ, ಒಂದೊಂದೇ ಮಾತು. ಆಮೇಲೆ ಅದು ನಿಲ್ಲಲೇ ಇಲ್ಲ. ಪೂರ್ಣಿಮಾ ಕೂಸನ್ನು ಹೆಗಲಿಗೆ ಹಾಕಿಕೊಂಡು, ಅತ್ತೆಯ ಚಪ್ಪಲಿಗಳನ್ನು ಒಂದು ಕೈಯಲ್ಲಿ ಹಿಡಿದು ಎದ್ದಳು. ಆ ಮಾತು ಕೇಳಿಸದಷ್ಟು ದೂರ, ಹೊರಬಾಗಿಲ ಹತ್ತಿರದ ಬೆಂಚಿಗೆ ಹೋಗಿ ಕೂತಳು.